ದಾರಿ ತಪ್ಪಿದವರ ಗಂಟೆ

ವಾಲ್ಮೆದ್ರೊ, ಸೋರಿಯಾ ಪ್ರಾಂತ್ಯ
9 ಮಾರ್ಚ್ 1984

ಒಬ್ದೂಲಿಯ ಅಕ್ಕಾ,

ಕ್ರಿಸ್ಮಸ್ಸಿನ ಕಾರ್ಡು ಬಿಟ್ಟರೆ ನಮ್ಮಿಬ್ಬರ ನಡುವೆ ಕಾಗದದ ರೂಢಿಯೇ ಇಲ್ಲ. ಮಾರ್ಚ್ ತಿಂಗಳಲ್ಲಿ ನನ್ನ ಅಕ್ಷರ ಕಂಡು ಯಾರೋ ಹೋದರೆಂದು ಎದೆ ಹಿಡಿದುಕೊಳ್ಳಬೇಡ. ಯಾರೂ ಹೋಗಿಲ್ಲ. ಊರಿನಲ್ಲಿ ಉಳಿದಿರುವುದೇ ಮೂವತ್ತೊಂದು ಜನ. ಸಾಯಬೇಕೆಂದರೂ ಮಿಕ್ಕವರ ಒಪ್ಪಿಗೆ ಕೇಳಬೇಕು, ಹಾಗಿದೆ ಪರಿಸ್ಥಿತಿ.

ವಿಷಯ ಗಂಟೆಯದು. ಹೋದ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಜಗಲಿಯಲ್ಲಿ ಊರ ಸಭೆ ಸೇರಿತ್ತು. ಈಗ ಎವರಿಸ್ತೊನೇ ಊರಿನ ಮುಖ್ಯಸ್ಥ. ಬಾರೂ ಅವನದೇ, ಊರಿಗಿರುವ ಒಂದೇ ಫೋನೂ ಅವನ ಬಾರಿನಲ್ಲೇ. ಅವನು ಎದ್ದು ನಿಂತು, “ಗಂಟೆಗೆ ಕರೆಂಟಿನ ಸುತ್ತಿಗೆ ಹಾಕ್ಸೋಣ. ಗುಂಡಿ ಒತ್ತಿದ್ರೆ ಅದೇ ಬಡ್ಕೊಳ್ಳುತ್ತೆ. ಹಗ್ಗ ಎಳೆಯೋಕೆ ನಮ್ಮಲ್ಲಿ ಯಾರ ಸೊಂಟ ನೆಟ್ಟಗಿದೆ ಹೇಳಿ” ಅಂದ. ಗಂಟೆ ಬಾರಿಸುತ್ತಿದ್ದ ಅಪ್ಪ ತೀರಿಕೊಂಡು ಹದಿಮೂರು ವರ್ಷವಾಯಿತು. ಅಂದಿನಿಂದ ದೊಡ್ಡ ಗಂಟೆ ಡುಮ್ಮಿ, ಚಿಕ್ಕ ಗಂಟೆ ಚೂಟಿ, ಇಬ್ಬರಿಗೂ ಪಾರಿವಾಳಗಳದೇ ಸಹವಾಸ. ಹಬ್ಬದ ದಿನ ಯಾರಾದರೂ ಹತ್ತಿ ಹೇಗೋ ಬಡಿದು ಇಳಿಯುತ್ತಾರೆ, ಅಷ್ಟೆ.

ಹಗ್ಗ ಕತ್ತರಿಸುವ ಮೊದಲು ಅಪ್ಪನ ಗಂಟೆಗಳನ್ನು ಕಲಿಯಬೇಕೆಂದು ನಾಲ್ಕೈದು ಜನ ಆಸೆಪಟ್ಟಿದ್ದಾರೆ. ಸಭೆಗೆ ಕರೆಯುವುದು, ಬೆಂಕಿಗೆ, ಆಲಿಕಲ್ಲಿನ ಮೋಡಕ್ಕೆ, ಸಾವಿಗೆ, ಹಿಮದಲ್ಲಿ ದಾರಿ ತಪ್ಪಿದವರಿಗೆ. ಅಪ್ಪ ಇವನ್ನೆಲ್ಲ ಕಲಿಸಿದ್ದು ನಿನಗೊಬ್ಬಳಿಗೆ. ದಯವಿಟ್ಟು ಬರೆದು ಕಳಿಸು.

ಕಸಿಲ್ದ


ತೂಲೂಸ್, ಫ್ರಾನ್ಸ್
2 ಏಪ್ರಿಲ್ 1984

ಕಸಿಲ್ದಾ,

ಕಾಗದ ತಲುಪಿತು. ದ್ರಾಕ್ಷಿ ಕೊಯ್ಲಿಗೆಂದು ಬಂದವಳು ಇಲ್ಲೇ ಉಳಿದು ಇಪ್ಪತ್ತೆಂಟು ವರ್ಷವಾಯಿತು. ಇಷ್ಟು ವರ್ಷದಲ್ಲಿ ಊರು ನನ್ನಿಂದ ಏನನ್ನಾದರೂ ಕೇಳುತ್ತಿರುವುದು ಇದೇ ಮೊದಲು. ಅಪ್ಪ ಸತ್ತಾಗಲೂ ನಿಮ್ಮ ತಂತಿ ನನಗೆ ನಾಲ್ಕು ದಿನ ತಡವಾಗಿ ಸಿಕ್ಕಿತು. ಆಗ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಆ ನಾಲ್ಕೈದು ಜನ ಯಾರು? ಹೆಸರು ಬರೆದಿಲ್ಲ. ಅವರಿಗೆ ಕಿವಿ ಇದೆಯೇ ಎಂದು ಮೊದಲು ನೋಡು. “ಗಂಟೆಗೆ ತೋಳು ಬೇಡ, ಕಿವಿ ಬೇಕು” ಎಂದು ಅಪ್ಪ ಹೇಳುತ್ತಿದ್ದುದು ನಿನಗೂ ನೆನಪಿರಬೇಕು.

ಹಿಂಬದಿಯಲ್ಲಿ ಗೆರೆ ಹಾಕಿ ಬರೆದಿದ್ದೇನೆ. ಉದ್ದ ಗೆರೆ ಡುಮ್ಮಿಯ ಏಟು, ಗಿಡ್ಡ ಗೆರೆ ಚೂಟಿಯದು. ಚುಕ್ಕೆ ಇದ್ದಲ್ಲಿ ಸುಮ್ಮನಿರಬೇಕು. ಸಭೆ, ಬೆಂಕಿ, ಆಲಿಕಲ್ಲು ಈ ಮೂರನ್ನು ಮೊದಲು ಕಲಿಯಲಿ. ಸಾವಿನದು ಸುಲಭ: ಗಂಡಸಾದರೆ ಕೊನೆಯಲ್ಲಿ ಮೂರು ಬಿಡಿ ಏಟು, ಹೆಂಗಸಾದರೆ ಎರಡು. ದಾರಿ ತಪ್ಪಿದವರ ಗಂಟೆಯನ್ನು ಮಾತ್ರ ಈಗ ಬರೆಯುವುದಿಲ್ಲ. ಅದು ಶೋಕಿಗೆ ಕಲಿಯುವುದಲ್ಲ.

ಒಬ್ದೂಲಿಯ


ವಾಲ್ಮೆದ್ರೊ
6 ಮೇ 1984

ಅಕ್ಕಾ,

ಸಭೆಯ ಗಂಟೆ ಕೈಗೆ ಹತ್ತಿತು. ಕೈಗೆ ಹತ್ತಿತು ಅಂದರೆ ಕಲಿಯುವವರಿಗೆ. ಮೊನ್ನೆ ಅಭ್ಯಾಸಕ್ಕೆಂದು ಬಾರಿಸಿದ್ದನ್ನು ಕೇಳಿ ಇಬ್ಬರು ಮುದುಕರು ಟೋಪಿ ಹಾಕಿಕೊಂಡು ಸಭೆಗೇ ಬಂದುಬಿಟ್ಟರು. ಎವರಿಸ್ತೊ ಅವರಿಗೆ ಒಂದೊಂದು ಲೋಟ ವೈನ್ ಕೊಟ್ಟು ವಾಪಸ್ ಕಳಿಸಬೇಕಾಯಿತು.

ಆಲಿಕಲ್ಲಿನದು ಮಾತ್ರ ಕೂರುತ್ತಿಲ್ಲ. ಗೆರೆಗಳು ಸರಿ, ಆದರೆ ಎಷ್ಟು ವೇಗ? ಚುಕ್ಕೆ ಅಂದರೆ ಎಷ್ಟು ಹೊತ್ತು? ನೀನು ಬಾಯಲ್ಲಿ ಹೇಳಿದರೆ ಎರಡು ನಿಮಿಷದ ಕೆಲಸ. ನಿನ್ನ ಮಗನ ಮನೆಯಲ್ಲಿ ಫೋನಿದೆಯಲ್ಲ. ಇದೇ 27ನೇ ತಾರೀಕು ಭಾನುವಾರ ಸಂಜೆ ಐದಕ್ಕೆ ಬಾರಿನಿಂದ ಕರೆ ಮಾಡುತ್ತೇವೆ. ಚಿಕ್ಕವರಿದ್ದಾಗ ಮಾಡುತ್ತಿದ್ದಂತೆ ಮೇಜು ಕುಟ್ಟಿಕೊಂಡು ಹೇಳು. ಊರೆಲ್ಲ ಕಾಯುತ್ತಿದೆ.

ಕಸಿಲ್ದ


ತೂಲೂಸ್
18 ಮೇ 1984

ಕಸಿಲ್ದಾ,

ಫೋನ್ ಬೇಡ. ಗಂಟೆಯನ್ನು ಫೋನಿನಲ್ಲಿ ಕಲಿಸಲು ಬರುವುದಿಲ್ಲ. ಏನಿದ್ದರೂ ಕಾಗದದಲ್ಲಿ ಕೇಳು, ಉತ್ತರಿಸುತ್ತೇನೆ.

ಒಬ್ದೂಲಿಯ


ವಾಲ್ಮೆದ್ರೊ
28 ಮೇ 1984

ಒಬ್ದೂಲಿಯ,

ನಿನ್ನ ಎರಡು ಸಾಲಿನ ಕಾಗದ ಇವತ್ತು ಬೆಳಿಗ್ಗೆ ಬಂತು. ನಿನ್ನೆ ಬಂದಿದ್ದರೆ ನನ್ನ ಮರ್ಯಾದೆಯಾದರೂ ಉಳಿಯುತ್ತಿತ್ತು.

ನಿನ್ನೆ ಬಾರಿನಲ್ಲಿ ಹತ್ತೊಂಬತ್ತು ಜನ ಸೇರಿದ್ದರು. ಎವರಿಸ್ತೊನ ಹೆಂಡತಿ ಬಾದಾಮಿ ಬಿಸ್ಕತ್ತು ಮಾಡಿದ್ದಳು. ಐದು ಗಂಟೆಗೆ ಸರಿಯಾಗಿ ಕರೆ ಮಾಡಿದೆವು. ಎತ್ತಿದವಳು ನಿನ್ನ ಸೊಸೆ ಮಿರೇಯ್. ಹರಕುಮುರುಕು ಭಾಷೆಯಲ್ಲಿ “ಅತ್ತೆಗೆ ಆಗಲ್ಲ, ಅತ್ತೆಗೆ ಆಗಲ್ಲ” ಅಂತಲೇ ಇದ್ದಳು. ಎವರಿಸ್ತೊ ರಿಸೀವರ್ ಕಿತ್ತುಕೊಂಡು, “ಏನಮ್ಮ ಆಗಲ್ಲ, ಹುಷಾರಿಲ್ವಾ?” ಅಂದರೆ, “ಹುಷಾರಾಗಿದ್ದಾರೆ, ಇಲ್ಲೇ ಕೂತಿದ್ದಾರೆ. ಆದ್ರೆ ಆಗಲ್ಲ” ಅಂದಳು. ನಮ್ಮನ್ನು ಕಂಡರೆ ಆಗುವುದಿಲ್ಲ ಎಂದು ಮೊದಲೇ ಬರೆಯಬಹುದಿತ್ತು. ಬಿಸ್ಕತ್ತನ್ನು ಎಲ್ಲರೂ ತಲೆ ತಗ್ಗಿಸಿಕೊಂಡು ತಿಂದೆವು.

ನಿನ್ನ ಗಂಟೆ ನಿನ್ನ ಹತ್ತಿರವೇ ಇರಲಿ. ಜೂನಿನಲ್ಲಿ ಮತ್ತೆ ಸಭೆಯಿದೆ. ಕರೆಂಟಿನ ಸುತ್ತಿಗೆಗೆ ನಾನೂ ಕೈ ಎತ್ತುತ್ತೇನೆ.

ಕಸಿಲ್ದ


ತೂಲೂಸ್
14 ಅಕ್ಟೋಬರ್ 1984

ಕಸಿಲ್ದಾ,

ನೀನು ಸಿಟ್ಟಿನಲ್ಲಿದ್ದೀಯ. ಇರು. ನಾನೂ ಬೇಸಿಗೆಯಲ್ಲಿ ಮೂರು ಕಾಗದ ಬರೆದು ಮೂರನ್ನೂ ಹರಿದೆ.

ಆದರೆ ಚಳಿಗಾಲ ಬರುತ್ತಿದೆ. ಅಕ್ಕತಂಗಿಯರು ಮಾತಾಡುತ್ತಾರೋ ಇಲ್ಲವೋ ಎಂದು ಹಿಮ ನೋಡುವುದಿಲ್ಲ. ಅದಕ್ಕೇ ದಾರಿ ತಪ್ಪಿದವರ ಗಂಟೆಯನ್ನು ಬರೆಯುತ್ತಿದ್ದೇನೆ. ಈ ಹಾಳೆಯನ್ನು ಗೋಪುರದ ಬಾಗಿಲ ಹಿಂದೆ ಮೊಳೆ ಹೊಡೆದು ತಗುಲಿಸು.

ಡುಮ್ಮಿಯನ್ನು ಮಾತ್ರ ಬಾರಿಸಬೇಕು. ಮೂರು ಏಟು, ಬಾ-ಮ-ನೆಗೆ ಎನ್ನುವ ಹಾಗೆ, ಕೊನೆಯದು ಭಾರವಾಗಿ. ಆಮೇಲೆ ಒಂದು ‘ನಮೋ ಮರಿಯಾ’ ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು ಪೂರ್ತಿ ಸುಮ್ಮನಿರಬೇಕು. ಮತ್ತೆ ಮೂರು. ಬಿಡದೆ ಬಾರಿಸುತ್ತಲೇ ಇದ್ದರೆ ಹಿಮದಲ್ಲಿರುವವನಿಗೆ ಶಬ್ದ ನಾಲ್ಕೂ ದಿಕ್ಕಿನಿಂದ ಬಂದ ಹಾಗಾಗುತ್ತದೆ. ನಿಂತರೆ ಅವನೂ ನಿಲ್ಲುತ್ತಾನೆ, ತಲೆ ತಿರುಗಿಸುತ್ತಾನೆ, ಮುಂದಿನ ಮೂರಕ್ಕೆ ಕಾಯುತ್ತಾನೆ. “ಏಟು ನಮ್ಮದು ಕಣೇ, ಮೌನ ಅವನ್ದು. ಅವನ ಪಾಲನ್ನ ಕದೀಬೇಡ” ಎನ್ನುತ್ತಿದ್ದರು ಅಪ್ಪ. ಒಬ್ಬ ಬರುವವರೆಗೆ, ಇಲ್ಲವೇ ಬೆಳಕು ಹರಿಯುವವರೆಗೆ ನಿಲ್ಲಿಸಬಾರದು.

ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ.

ಒಬ್ದೂಲಿಯ


ವಾಲ್ಮೆದ್ರೊ
19 ಜನವರಿ 1985

ಅಕ್ಕಾ,

ಅಕ್ಷರ ಸೊಟ್ಟಪಟ್ಟ ಆಗಿದ್ದರೆ ಕ್ಷಮಿಸು, ಚಳಿಗೆ ಕೈ ಮರಗಟ್ಟಿದೆ. ಮೂರು ದಿನದ ಹಿಂದೆ ಏನಾಯಿತೆಂದು ನಿನಗೆ ತಿಳಿಸಲೇಬೇಕು.

ಸುತ್ತಿಗೆ ಕೂರಿಸಲು ಬುಧವಾರ ಸೋರಿಯಾದಿಂದ ಆರ್ಸೆನಿಯೊ ಎಂಬ ಎಲೆಕ್ಟ್ರಿಷಿಯನ್ ಬರಬೇಕಿತ್ತು. ಬೆಳಿಗ್ಗೆ ಫೋನ್ ಮಾಡಿ “ಹೊರಟೆ” ಅಂದಿದ್ದ. ಮಧ್ಯಾಹ್ನದ ಹೊತ್ತಿಗೆ ಹಿಮ ಬೀಳತೊಡಗಿತು. ಇಂಥ ಹಿಮ ನಾವು ಚಿಕ್ಕವರಿದ್ದಾಗಲೇ ಕಂಡಿದ್ದು. ಗಾಳಿ ಬೇರೆ. ಮೊದಲು ಕರೆಂಟು ಹೋಯಿತು, ಆಮೇಲೆ ಫೋನು. ಮೂರು ಗಂಟೆಯಾದರೂ ಅವನ ಸುಳಿವಿಲ್ಲ.

ಬಾರಿನಲ್ಲಿ ಎವರಿಸ್ತೊ, “ಆ ಪೇಟೆಯೋನಿಗೆ ಬುದ್ಧಿ ಇದ್ರೆ ಅರ್ಧ ದಾರೀಲೇ ವಾಪಸ್ ಹೋಗಿರ್ತಾನೆ” ಅಂದ.

ಲೂರ್ದೆಸ್ ಅಲ್ಲೇ ಇದ್ದಳು. ಎರಡು ವರ್ಷದ ಹಿಂದೆ ಪೋರ್ಚುಗಲ್ಲಿನಿಂದ ಬಂದು ಇಲ್ಲಿ ಕುರಿ ಕಾಯುತ್ತಿದ್ದಾನಲ್ಲ ಅದೆಲೀನೊ, ಅವನ ಹೆಂಡತಿ. ಮಾತು ಕಡಿಮೆ. “ಬುದ್ಧಿ ಇಲ್ದಿದ್ರೆ?” ಅಂದಳು, ಅಷ್ಟೆ.

ಆಮೇಲೆ ಒಬ್ಬರು ಗೋಪುರ ಹತ್ತಿದರು. ಬಾಗಿಲ ಹಿಂದೆ ನಿನ್ನ ಹಾಳೆ ಇತ್ತು. ಸಿಟ್ಟಿದ್ದರೂ ಅದನ್ನು ತಗುಲಿಸಿದ್ದೆ. ಹಗ್ಗ ಮಂಜುಗಟ್ಟಿ ದೊಣ್ಣೆಯಂತಾಗಿತ್ತಂತೆ. ಮೇಲಿಂದ ನೋಡಿದರೆ ಚರ್ಚಿನ ಹೆಂಚು ಸಹ ಕಾಣುತ್ತಿರಲಿಲ್ಲವಂತೆ. ಮೂರು ಏಟು, ಒಂದು ಪ್ರಾರ್ಥನೆ. ಮೂರು ಏಟು, ಒಂದು ಪ್ರಾರ್ಥನೆ. ಮೊದಲ ಅರ್ಧ ಗಂಟೆಯಲ್ಲಿ ಪ್ರಾರ್ಥನೆಯನ್ನು ಗಾಬರಿಯಿಂದ ನುಂಗಿ ನುಂಗಿ ಹೇಳುತ್ತಿದ್ದರಂತೆ. ನಿನ್ನ ಮಾತು ನೆನಪಾಗಿ ನಿಧಾನ ಮಾಡಿದರು. ಲೂರ್ದೆಸ್ ಬೆಳ್ಳುಳ್ಳಿ ಸಾರನ್ನು ಕ್ಯಾನಿನಲ್ಲಿ ಹೊತ್ತು ಮೆಟ್ಟಿಲು ಹತ್ತಿ ಬಂದು, ಹಗ್ಗ ತಾನು ಹಿಡಿದು, “ನೀವು ಕುಡೀರಿ” ಅಂದಳು. ಕೆಳಗೆ ಅದೆಲೀನೊ ಮತ್ತೆ ಎವರಿಸ್ತೊ ಊರ ಅಂಚಿನಲ್ಲಿ ಹುಲ್ಲಿಗೆ ಬೆಂಕಿ ಹಾಕಿ ಕೂಗುತ್ತಿದ್ದರು.

ಆರು ದಾಟಿದ ಮೇಲೆ ಆರ್ಸೆನಿಯೊ ಬಂದ, ಅಕ್ಕಾ. ಬಟ್ಟೆ ಒಗೆಯುವ ಕಟ್ಟೆಯ ಕಡೆಯಿಂದ, ಮೊಣಕಾಲುದ್ದ ಹಿಮದಲ್ಲಿ, ಸಾಮಾನಿನ ಚೀಲ ಇನ್ನೂ ಕೈಯಲ್ಲೇ. ಅವನ ವ್ಯಾನು ಕಣಿವೆಯ ತಿರುವಿನಲ್ಲಿ ಹೂತು ಹೋಗಿತ್ತಂತೆ. ಮೈ ಕಾಯಿಸಿಕೊಂಡ ಮೇಲೆ ಹೇಳಿದ: “ಮೊದ್ಲು ನನ್ ತಲೇಲೇ ಗುಂಯ್ ಅಂತಿದೆ ಅನ್ಕೊಂಡೆ. ನಡೀತಾನೇ ಇದ್ದೆ, ಉಲ್ಟಾ ದಿಕ್ಕಿಗೆ. ಆಮೇಲೆ ಅದು ನಿಂತ್ಹೋಯ್ತು. ನಾನೂ ನಿಂತೆ. ಮತ್ತೆ ಬಡೀತಲ್ಲ, ಆಗ ಗೊತ್ತಾಯ್ತು ಎಡಗಡೆ ಅಂತ.”

ಎವರಿಸ್ತೊ ತಮಾಷೆಗೆ, “ಏನಪ್ಪ, ನಾಳೆ ಸುತ್ತಿಗೆ ಕೂರಿಸ್ತೀಯೋ?” ಅಂದ.

“ಕೂರಿಸ್ತೀನಿ, ಚೂಟಿಗೆ. ಗಂಟೆ ಎಷ್ಟಾಯ್ತು ಅಂತ ಹೇಳೋಕೆ ಅದು ಸಾಕು. ದೊಡ್ಡದರ ಹಗ್ಗದ ತಂಟೆಗೆ ಯಾರೂ ಹೋಗ್ಬೇಡಿ” ಅಂದ ಆರ್ಸೆನಿಯೊ.

ನಿನ್ನ ಹಾಳೆ ಇಲ್ಲದಿದ್ದರೆ ಅವನಿರುತ್ತಿರಲಿಲ್ಲ. ಅದನ್ನು ಹೇಳಲು ಬರೆದೆ. ಫೋನಿನ ವಿಷಯ ನನಗಿನ್ನೂ ಅರ್ಥವಾಗಿಲ್ಲ. ಆದರೂ ಬರೆದೆ.

ಕಸಿಲ್ದ


ತೂಲೂಸ್
3 ಫೆಬ್ರವರಿ 1985

ಕಸಿಲ್ದಾ, ನನ್ನ ತಂಗೀ,

“ಒಬ್ಬರು ಗೋಪುರ ಹತ್ತಿದರು.” ಯಾರನ್ನು ಏಮಾರಿಸುತ್ತೀಯ? ಮೂರು ಗಂಟೆ ಹೊತ್ತು ಹಗ್ಗ ಎಳೆದ ಕೈ ಹೇಗೆ ಬರೆಯುತ್ತದೆಂದು ನನಗೆ ಗೊತ್ತು. ನಿನ್ನ ಅಕ್ಷರ ಚಳಿಗೆ ಸೊಟ್ಟಗಾದದ್ದಲ್ಲ, ಅಂಗೈ ಬೊಬ್ಬೆಗೆ ಸೊಟ್ಟಗಾದದ್ದು. ಬಾರಿಸಿದವಳು ನೀನು. ಆ ನಾಲ್ಕೈದು ಜನರೆಲ್ಲ ನೀನೊಬ್ಬಳೇ ಎಂದು ಈಗ ನನಗೆ ಅನುಮಾನ. ಸುಳ್ಳು ಯಾಕೆ ಹೇಳಿದೆಯೆಂದು ನೀನು ಹೇಳು. ಅದಕ್ಕೆ ಮೊದಲು ನನ್ನದನ್ನು ಹೇಳುತ್ತೇನೆ.

ನನಗೆ ಕಿವಿ ಕೇಳಿಸುವುದಿಲ್ಲ. ಆರು ವರ್ಷವಾಯಿತು. ಇಪ್ಪತ್ತೆರಡು ವರ್ಷ ಬಟ್ಟೆಯ ಗಿರಣಿಯಲ್ಲಿ ಮಗ್ಗದ ಪಕ್ಕ ನಿಂತು ಮೊದಲು ಹಕ್ಕಿಗಳು ಹೋದವು, ಆಮೇಲೆ ಮಕ್ಕಳ ದನಿ, ಕೊನೆಗೆ ಎಲ್ಲವೂ. ಆ ಭಾನುವಾರ ಮಿರೇಯ್ ಫೋನ್ ಹಿಡಿದು ನನ್ನ ಮುಖ ನೋಡುತ್ತ ನಿಂತಿದ್ದಳು. ಪಾಪ, ಅವಳು ಹೇಳಿದ್ದು ನಿಜವೇ. ನನಗೆ ಆಗುವುದಿಲ್ಲ. ಕಿವುಡಿ ಎಂದು ಹೇಳಬೇಡ ಎಂದು ಆಣೆ ಹಾಕಿಸಿಕೊಂಡವಳು ನಾನು.

ಯಾಕೆಂದರೆ ನಿಮ್ಮೆಲ್ಲರಿಗೂ ನಾನು ಗಂಟೆಯ ಸೆನೋನ್‌ನ ಮಗಳು, ಊರಿಗೇ ಒಳ್ಳೆಯ ಕಿವಿಯವಳು. ಇನ್ನೇನೂ ನನ್ನ ಹತ್ತಿರ ಅಲ್ಲಿ ಉಳಿದಿರಲಿಲ್ಲ. “ಅವರಿಗೆ ಕಿವಿ ಇದೆಯೇ” ಎಂದು ನಿನಗೆ ಬರೆದ ದಿನ ನನಗೆ ಮಳೆಯ ಸದ್ದೂ ಕೇಳುತ್ತಿರಲಿಲ್ಲ. ಅಪ್ಪ ನಿನ್ನನ್ನು ಬಿಟ್ಟು ನನ್ನೊಬ್ಬಳನ್ನೇ ಮೇಲೆ ಕರೆದೊಯ್ಯುತ್ತಿದ್ದಾಗ ನೀನು ಕೆಳಗಿನ ಮೆಟ್ಟಿಲಿನಲ್ಲಿ ಕೂತಿರುತ್ತಿದ್ದೆ. ಅದು ನನಗೆ ಕಾಣುತ್ತಿತ್ತು. ಕಂಡರೂ ಹತ್ತಿ ಹೋಗುತ್ತಿದ್ದೆ.

ಒಬ್ದೂಲಿಯ


ವಾಲ್ಮೆದ್ರೊ
20 ಫೆಬ್ರವರಿ 1985

ಅಕ್ಕಾ,

ನಿನ್ನ ಕಾಗದವನ್ನು ಎರಡು ಸಲ ಓದಿ, ಮುಖ ತೊಳೆದುಕೊಂಡು, ನೇರ ಬಾರಿಗೆ ಹೋದೆ. “ನಮ್ಮಕ್ಕ ಜಂಭದವಳಲ್ಲ, ಕಿವುಡಿ” ಅಂತ ಎಲ್ಲರಿಗೂ ಕೇಳುವಂತೆ ಹೇಳಿದೆ. ಎವರಿಸ್ತೊ, “ಅಯ್ಯೋ, ಅಷ್ಟೇನಾ? ನಮ್ಮ ಮನೇಲಿ ಮೂರು ಜನ ಇದ್ದಾರೆ” ಅಂದ. ನೀನು ಬೈಯುತ್ತೀಯೆಂದು ಗೊತ್ತು, ಬೈಯಿ. ಒಂಬತ್ತು ತಿಂಗಳು ನಿನ್ನನ್ನು ಶಪಿಸಿದ್ದೇನೆ. ಅದನ್ನು ತೊಳೆದುಕೊಳ್ಳಲು ನನಗೆ ಬೇರೆ ದಾರಿ ಗೊತ್ತಾಗಲಿಲ್ಲ.

ಹೌದು, ನಾನೊಬ್ಬಳೇ. ಯಾಕೆ ಮುಚ್ಚಿಟ್ಟೆ ಅಂದರೆ ಅಪ್ಪನ ಸಾವಿನ ದಿನ ನಡೆದದ್ದು ನಿನಗೆ ಗೊತ್ತಿಲ್ಲ. ಊರಿಗೆಲ್ಲ ಸಾವಿನ ಗಂಟೆ ಬಾರಿಸಿದ ಮನುಷ್ಯ, ಅವನಿಗೆ ಬಾರಿಸುವವರು ಯಾರೂ ಇರಲಿಲ್ಲ. ತಡೆಯಲಾರದೆ ನಾನೇ ಹತ್ತಿದೆ. ಕೊನೆಗೆ ಎರಡೋ ಮೂರೋ ತಿಳಿಯದೆ ಎರಡು ಬಾರಿಸಿ ಇಳಿದೆ. ಸಂಜೆ ಪಕ್ಕದೂರು ಫುಯೆಂತೆಸೀಲದಿಂದ ಜನ ಬಂದು ಬಾಗಿಲಲ್ಲಿ ನಿಂತು, “ಯಾವ ಹೆಂಗಸು ಹೋದ್ಲು?” ಅಂತ ಕೇಳಿದರು. ಶವ ಇನ್ನೂ ಮನೆಯಲ್ಲಿತ್ತು. ಕೆಲವರು ಬಾಯಿ ಮುಚ್ಚಿಕೊಂಡು ನಕ್ಕರು. ಹದಿನಾಲ್ಕು ವರ್ಷವಾದರೂ ಆ ನಗು ಕೇಳಿಸುತ್ತದೆ. ಮತ್ತೆ ನಾನು ಕಲಿಯುತ್ತೇನೆ ಎಂದರೆ ಊರು ಬಿಡು, ನೀನೇ ನಗುತ್ತೀಯ ಅಂದುಕೊಂಡೆ.

ಮೇ ತಿಂಗಳಲ್ಲಿ ಸಂತ ಇಸಿದ್ರೊ ಹಬ್ಬಕ್ಕೆ ಬಾ. ಕೇಳಿಸದಿದ್ದರೆ ಏನಂತೆ, ನಮ್ಮಲ್ಲಿ ಕೇಳುವಂಥ ಮಾತು ಯಾರಾಡುತ್ತಾರೆ?

ನಿನ್ನ ಕಸಿಲ್ದ


ತೂಲೂಸ್
28 ಮೇ 1985

ಕಸಿಲ್ದಾ,

ಸುಖವಾಗಿ ತಲುಪಿದೆ. ನೀನು ಕಟ್ಟಿಕೊಟ್ಟ ಸಾಸೇಜು ಗಡಿ ದಾಟುವ ಮೊದಲೇ ರೈಲಿನಲ್ಲಿ ಖಾಲಿ.

ಬಸ್ಸಿನಿಂದ ಇಳಿದ ಕೂಡಲೇ ಮೂವತ್ತು ಜನ ನನ್ನ ಕಿವಿಗೆ ಬಾಯಿಟ್ಟು ಕಿರುಚಿದರಲ್ಲ, ನಿನ್ನ ಪ್ರಚಾರದ ಫಲ. ಒಂದಕ್ಷರ ಕೇಳಿಸಲಿಲ್ಲ, ಬೆಳ್ಳುಳ್ಳಿ ವಾಸನೆ ಮಾತ್ರ ಚೆನ್ನಾಗಿ ಬಂತು.

ಗೋಪುರದಲ್ಲಿ ನಾನು ಯಾಕೆ ಅತ್ತೆನೆಂದು ನೀನು ಕೇಳಲಿಲ್ಲ. ಕೇಳದಿದ್ದುದಕ್ಕೆ ಸಂತೋಷ. ಈಗ ಹೇಳುತ್ತೇನೆ. ಡುಮ್ಮಿಯನ್ನು ಹೊತ್ತ ಮರದ ತೊಲೆಗೆ ಬೆನ್ನು ಕೊಟ್ಟು ಕೂತಿದ್ದೆ. ನೀನು ಎಳೆದೆ. ಮೊದಲ ಏಟು ಸೊಂಟದಿಂದ ಹತ್ತಿ ಹಲ್ಲಿನವರೆಗೆ ಬಂತು. ಕಿವಿಯನ್ನು ಬಿಟ್ಟು ಬೇರೆಲ್ಲ ಕಡೆಯಿಂದ ನನಗೆ ಕೇಳಿಸಿತು. ಆರು ವರ್ಷದ ಮೇಲೆ ಮೊದಲ ಸಲ. ನೀನು ಮೂರನೆಯ ಏಟಿಗೆ ಇನ್ನೂ ಅವಸರ ಮಾಡುತ್ತೀಯ, ಅದು ಬೆನ್ನಿಗೂ ಗೊತ್ತಾಯಿತು. ತಿದ್ದಿಕೋ.

ಅಪ್ಪನಿಗೆಂದು ಮೂರು ಬಾರಿಸಿದೆವಲ್ಲ, ಫುಯೆಂತೆಸೀಲದ ಆ ಮುದುಕ ಸೈಕಲ್ ತಳ್ಳಿಕೊಂಡು ಏದುಸಿರು ಬಿಡುತ್ತ ಬಂದು ಏನೋ ಕೇಳಿದ. ನೀನು ಉತ್ತರ ಹೇಳಿದೆ. ಅವನು ಟೋಪಿ ತೆಗೆದವನು ಮತ್ತೆ ಹಾಕಿಕೊಂಡು ನಮ್ಮಿಬ್ಬರನ್ನೂ ಹುಚ್ಚರನ್ನು ನೋಡಿದ ಹಾಗೆ ನೋಡಿದ. ನೀವಿಬ್ಬರೂ ಏನು ಮಾತಾಡಿದಿರಿ? ರೈಲಿನಲ್ಲೆಲ್ಲ ಅದನ್ನೇ ಯೋಚಿಸುತ್ತಿದ್ದೆ.

ಒಬ್ದೂಲಿಯ


ವಾಲ್ಮೆದ್ರೊ
23 ಜೂನ್ 1985

ಅಕ್ಕಾ,

ಅವನು “ಯಾರು ಹೋದ್ರು?” ಅಂದ. “ನಮ್ಮಪ್ಪ” ಅಂದೆ. “ಯಾವಾಗ?” ಅಂದ. “ಹದಿನಾಲ್ಕು ವರ್ಷ ಆಯ್ತು” ಅಂದೆ. ಅಷ್ಟೇ.

ಇವತ್ತಿನ ಸುದ್ದಿ ಬೇರೆ. ಲೂರ್ದೆಸ್‌ಗೆ ಹೆಣ್ಣುಮಗು. ವಾಲ್ಮೆದ್ರೊದಲ್ಲಿ ಮಗು ಹುಟ್ಟಿ ಹನ್ನೆರಡು ವರ್ಷವಾಗಿತ್ತು. ಈಗ ತಿಳಿಯಿತು, ಜನವರಿಯಲ್ಲಿ ಸಾರಿನ ಕ್ಯಾನು ಹೊತ್ತು ಗೋಪುರ ಹತ್ತಿದಾಗ ಅವಳಿಗೆ ನಾಲ್ಕು ತಿಂಗಳು. “ಯಾಕೇ ಹೇಳಲಿಲ್ಲ?” ಅಂತ ಬೈದೆ. “ಹೇಳಿದ್ರೆ ಹಗ್ಗ ಕೊಡ್ತಿದ್ರಾ?” ಅಂದಳು. ನಾವು ಈಗ ಮೂವತ್ತೆರಡು. ಎವರಿಸ್ತೊ ಊರಿನ ಫಲಕದ ಮೇಲೆ ಜನಸಂಖ್ಯೆ ತಿದ್ದಲು ಬಣ್ಣ ತಂದಿದ್ದಾನೆ.

ಜುಲೈ 7ನೇ ತಾರೀಕು ಭಾನುವಾರ ಜ್ಞಾನಸ್ನಾನ. ಎಲ್ಲರೂ ನನ್ನ ಹಿಂದೆ ಬಿದ್ದಿದ್ದಾರೆ, ಮಗುವಿನ ಗಂಟೆ ಬಾರಿಸಬೇಕು ಅಂತ. ಅಪ್ಪ ಬಾರಿಸುತ್ತಿದ್ದುದು ನೆನಪಿದೆ, ಹೇಗೆಂಬುದು ನೆನಪಿಲ್ಲ. ನೀನು ಅದನ್ನು ಬರೆದೇ ಇಲ್ಲ. ಬೇಗ ಬರೆ, ಗೆರೆ ಚುಕ್ಕೆ ತಪ್ಪದ ಹಾಗೆ. ಈ ಸಲ ನಾನು ತಪ್ಪು ಮಾಡುವ ಹಾಗಿಲ್ಲ.

ಕಸಿಲ್ದ


ತೂಲೂಸ್
29 ಜೂನ್ 1985

ಕಸಿಲ್ದಾ,

ಈ ಕಾಗದವನ್ನು ಮಿರೇಯ್ ಓಡಿಹೋಗಿ ತುರ್ತು ಅಂಚೆಗೆ ಹಾಕುತ್ತಾಳೆ. ಸಮಯಕ್ಕೆ ಸಿಗುತ್ತದೆ.

ಮಗುವಿನ ಗಂಟೆ ನನಗೆ ಬರುವುದಿಲ್ಲ. ಮುಚ್ಚಿಡುತ್ತಿಲ್ಲ, ನಿಜವಾಗಿಯೂ ಬರುವುದಿಲ್ಲ. ಅದೊಂದನ್ನು ಅಪ್ಪ ನನಗೆ ಕಲಿಸಲಿಲ್ಲ. ಹದಿನಾರರ ವಯಸ್ಸಿನಲ್ಲಿ ಹಟ ಹಿಡಿದು ಕೇಳಿದೆ. “ಅದು ಪ್ರತಿ ಸಲ ಬೇರೆ ಕಣೇ. ಮೊದ್ಲು ಹೋಗಿ ಮಗೂನ ನೋಡ್ತೀನಿ. ಆಮೇಲೆ ಹತ್ತಿ, ಬಂದ ಹಾಗೆ ಬಾರಿಸ್ತೀನಿ” ಅಂದರು. ಹಾಗಾದರೆ ತಪ್ಪಾದರೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ನಕ್ಕರು.

ಆದ್ದರಿಂದ ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ. ಬಾರಿಸಿದ ಮೇಲೆ ನೀನೇ ಬರೆದು ನನಗೆ ಕಳಿಸು. ಅಡಿಗೆಮನೆಯ ಮೇಜಿನ ಮೇಲೆ ಕುಟ್ಟಿ ನಾನು ಕಲಿಯುತ್ತೇನೆ.

ಎರಡು ಪುಟ ಬರೆದಿದ್ದೀಯ, ಮಗು ಹೇಗಿದೆಯೆಂದು ಒಂದು ಸಾಲಿಲ್ಲ. ಯಾರ ಹಾಗಿದ್ದಾಳೆ? ತಲೆ ತುಂಬ ಕೂದಲಿದೆಯೇ? ಜೋರೋ, ಸಾಧುವೋ? ಕಾಗದ ಮಡಿಚಿಟ್ಟು ಈಗಲೇ ಹೋಗು. ಎತ್ತಿಕೋ.

ಒಬ್ದೂಲಿಯ